ಕೆಂದ, ಕರಿಯ ಮತ್ತು ಮೂರನೆಯ ಬೋರ್ಡು

ಗುರುಸ್ವಾಮಿಯವರ ಮೇಲೆ ಅವರ ಸ್ವಂತ ಮನೆಯಲ್ಲೇ ನಿಷೇಧಾಜ್ಞೆ ಜಾರಿಯಾಗಿತ್ತು. ಆಜ್ಞೆ ಹೊರಡಿಸಿದವಳು ಮಗಳು ಶಿವರಂಜಿನಿ, ಮನೆಮಂದಿಯ ಬಾಯಲ್ಲಿ ರಂಜಿನಿ. ಅದಕ್ಕೆ ಮೇಲುರುಜು ಹಾಕಿದವರು ಧರ್ಮಪತ್ನಿ ಗುರುಮಲ್ಲಮ್ಮ. ನಡುಮನೆಯ ಕಿಟಕಿ ಪಕ್ಕದ ಮೇಜಿಗೆ ಡ್ರಾಯಿಂಗ್ ಶೀಟಿನ ತುಂಡೊಂದನ್ನು ಅಂಟಿಸಲಾಗಿತ್ತು: 'ಈ ಮೇಜಿನ ಮೇಲಿರುವ ಯಾವುದನ್ನೂ ಅಪ್ಪ ಮುಟ್ಟಕೂಡದು. ನೋಡಬಹುದು. ದೂರದಿಂದ.' ಕೊನೆಯ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಬೇರೆ.

ಇಪ್ಪತ್ತೆರಡು ವರ್ಷಗಳ ಸರ್ಕಾರಿ ಸೇವೆಯಲ್ಲಿ ಗುರುಸ್ವಾಮಿಯವರು ನೋಡದ ಆಜ್ಞೆಗಳಿರಲಿಲ್ಲ. ಚಾಮರಾಜನಗರದ ಒಂದು ಕಚೇರಿಯ ಟಪಾಲು ವಿಭಾಗವೇ ಅವರ ಸಾಮ್ರಾಜ್ಯ. ಬಂದ ಕಾಗದಕ್ಕೆಲ್ಲ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತುವುದು ಅವರ ಕೆಲಸ. ಅಲ್ಲಿ ಅವರನ್ನು ಯಾರೂ 'ಮುಟ್ಟಬೇಡಿ' ಎಂದಿರಲಿಲ್ಲ. (ಆ ಕಾಗದಗಳನ್ನು ಮುಟ್ಟಲು ಅವರೊಬ್ಬರನ್ನು ಬಿಟ್ಟು ಯಾರೂ ಸಿದ್ಧರಿರಲಿಲ್ಲ ಎಂಬುದು ಬೇರೆ ಮಾತು.) ಹಾಗಿರುವಾಗ ಸ್ವಂತ ಮಗಳೇ ಹೀಗೆ ಬರೆದು ಅಂಟಿಸಿದ್ದು ಅವರಿಗೆ ನಿಜಕ್ಕೂ ನೋವು ತಂದಿತ್ತು.

ಆದರೆ ಮಗಳ ಕಡೆಯೂ ನ್ಯಾಯವಿತ್ತು ಅನ್ನಿ. ರಂಜಿನಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದಳು. ಎರಡು ಚಕ್ರಗಳ, ಅಂಗೈ ಅಗಲದ ಒಂದು ಪುಟ್ಟ ಗಾಡಿ ಕಟ್ಟುತ್ತಿದ್ದಳು. ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ತಾನೇ ಹುಡುಕಿಕೊಂಡು, ಹೊತ್ತ ಹೊರೆಯನ್ನು ಆಚೆ ದಡ ಸೇರಿಸುವ ರೋಬೋ ಗಾಡಿ. ಅದರ ಹೊಟ್ಟೆಯೊಳಗೆ ಒಂದು ಹಸಿರು ಬೋರ್ಡು. ಬ್ಯಾಟರಿಯ ಕರೆಂಟನ್ನು ಎರಡು ಮೋಟಾರುಗಳಿಗೆ ಅಳೆದು ಬಡಿಸುವುದು ಅದೇ. ಬ್ಯಾಟರಿಯ ಕೆಂಪು ತಂತಿ ಪ್ಲಸ್ಸಿಗೆ ಹೋಗಬೇಕು, ಕಪ್ಪು ತಂತಿ ಮೈನಸ್ಸಿಗೆ ಹೋಗಬೇಕು. ತಿರುವುಮುರುವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೋರ್ಡು ಭಸ್ಮ. ಅಂಥ ಬೋರ್ಡು ಎರಡು ಭಸ್ಮವಾಗಿದ್ದವು. ಎರಡರ ಅಂತ್ಯಕ್ರಿಯೆಗೂ ಕಾರಣಕರ್ತರು ಗುರುಸ್ವಾಮಿಯವರೇ.

ಮೊದಲನೆಯದು ಜೂನ್ ತಿಂಗಳಲ್ಲಿ ಹೋಯಿತು. ಮಗಳು ಸ್ನಾನಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಶಿವಸ್ವಾಮಿಯನ್ನು ಕರೆತಂದು, "ನೋಡ್ಲಾ, ನಮ್ ಕೂಸು ಮಾಡಿರೋ ಗಾಡಿ. ಓಡುಸ್ತೀನಿ ತಡಿ. ಎರಡ್ ತಂತಿ, ಎರಡ್ ತೂತು. ತಪ್ಪಾಗಕ್ಕೆ ಏನದ ಇದ್ರಲ್ಲಿ?" ಎಂದು ಸಿಕ್ಕಿಸಿಯೇಬಿಟ್ಟರು. ಗಾಡಿ ಓಡಲಿಲ್ಲ. ಒಂದು ಸಣ್ಣ 'ಚಟ್' ಕೇಳಿಸಿತು. ಶಿವಸ್ವಾಮಿ ಮೂಗರಳಿಸಿ, "ಏನೋ ಸೀದಂಗ ವಾಸ್ನ ಬತ್ತಾ ಅದಲ್ಲ ಗುರುಸ್ವಾಮಣ್ಣ, ಅತ್ಗೆಮ್ಮ ಒಲೆ ಮೇಲೆ ಏನಾರ ಇಟ್ಟವ್ರಾ?" ಎಂದ.

ಎರಡನೆಯದು ಪ್ರಾಯಶ್ಚಿತ್ತದ ಫಲ. ಮಗಳ ತಂತಿ ಬಹಳ ಸಣ್ಣದಾಯಿತೆಂದು, ಹಿಂದಿನ ವರ್ಷದ ಗಣಪತಿ ಪೆಂಡಾಲಿನಲ್ಲಿ ಉಳಿದಿದ್ದ ದಪ್ಪ ತಂತಿ ತಂದು ಬದಲಾಯಿಸಿದರು. ಎರಡೂ ಹಸಿರು ತಂತಿಗಳು. "ಇದ್ರಲ್ಲಿ ಯಾವ್ದಪ್ಪ ಪ್ಲಸ್ಸು?" ಎಂದು ರಂಜಿನಿ ಕೇಳಿದಾಗ, "ಎಡಗಡೇದು ಕಣಮ್ಮಿ, ಕಣ್ಮುಚ್ಕೊಂಡು ಆಕು" ಎಂದರು. ಅವಳು ಕಣ್ಣು ಬಿಟ್ಟುಕೊಂಡೇ ಹಾಕಿದಳು. ಆದರೂ ಹೋಯಿತು.

ಈಗ ಮೇಜಿನ ಮೇಲಿದ್ದುದು ಮೂರನೆಯ ಬೋರ್ಡು. ಕಾಲೇಜಿನ ಲ್ಯಾಬಿನಲ್ಲಿ ಇದ್ದ ಕೊನೆಯದು. "ಇದೂ ಹೋದ್ರೆ ಶನಿವಾರದೊಳಗೆ ಇನ್ನೊಂದು ತರಿಸೋಕಾಗಲ್ಲಮ್ಮ" ಎಂದು ಮೇಷ್ಟ್ರು ಮೊದಲೇ ಹೇಳಿ ಕಳಿಸಿದ್ದರು. ಶನಿವಾರ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ರೋಬೋ ಸ್ಪರ್ಧೆ. ಮೊದಲೆರಡು ಸ್ಥಾನ ಪಡೆದವರು ಮೈಸೂರಿನ ದೊಡ್ಡ ಸ್ಪರ್ಧೆಗೆ ಹೋಗುವರು. ರಂಜಿನಿ ನಾಲ್ಕು ತಿಂಗಳಿಂದ ಇದಕ್ಕೇ ಕೂತಿದ್ದಳು. ಬೋರ್ಡು ಉಳಿದರೆ ಅವಳು ಅಖಾಡದಲ್ಲಿ, ಹೋದರೆ ಬೇರೆಯವರಿಗೆ ಚಪ್ಪಾಳೆ ತಟ್ಟುವ ಕುರ್ಚಿಯಲ್ಲಿ.

ಸೋಮವಾರ ಸಂಜೆ ಗುರುಸ್ವಾಮಿಯವರು ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತ, ದೂರದ ಕುರ್ಚಿಯಲ್ಲಿ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ರಂಜಿನಿ ಬೋರ್ಡಿಗೆ ಕರೆಂಟು ಒಳಬರುವ ಬಾಗಿಲಲ್ಲೇ ಕಡಲೆಕಾಳಿನಷ್ಟು ಗಾತ್ರದ, ನಡುವಿಗೆ ಬೆಳ್ಳಿ ಪಟ್ಟಿ ಕಟ್ಟಿದ ಒಂದು ಕರಿ ವಸ್ತುವನ್ನು ಬೆಸುಗೆ ಹಾಕುತ್ತಿದ್ದಳು.

"ಅದೇನಮ್ಮಿ ಅದು? ಕರಿಮಣಿ ಇದ್ದಂಗದ?"

"ದೃಷ್ಟಿ ಮಣಿ ಕಣಪ್ಪ," ಎಂದಳು ಅವಳು ತಲೆ ಎತ್ತದೆ.

"ಮಿಷನ್ನಿಗೂ ದೃಷ್ಟಿ ತಾಕ್ತದಾ?"

"ಎರಡ್ ಸಲ ತಾಕಿಲ್ವಾ?"

ಅಡುಗೆಮನೆಯಿಂದ ಗುರುಮಲ್ಲಮ್ಮನ ಧ್ವನಿ ಬಂತು. "ಯಾರ್ ದೃಷ್ಟಿ ಅಂತಾನೂ ಏಳ್ಬುಡವ್ವ, ಪಾಪ, ಗೊತ್ತಿಲ್ದಂಗ ಕೂತವ್ರೆ."

ಹೀಗೆ ಮಾತು ಚುಚ್ಚಿದಾಗ ಗುರುಸ್ವಾಮಿಯವರು ಕನಸಿಗೆ ಇಳಿದುಬಿಡುತ್ತಿದ್ದರು. ಅದು ಅವರ ಹುಟ್ಟುಗುಣ. ಸಾರಿಗೆ ಉಪ್ಪು ಸಾಲದೆಂದು ಹೇಳಲು ಬಾಯಿ ತೆರೆದವರು, ನಡುವೆ ಏನೋ ನೆನಪಾಗಿ, ತೆರೆದ ಬಾಯಲ್ಲೇ ಹುಟ್ಟೂರು ಹರವೆಯ ಹೊಲಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತಿದ್ದರು. ಅಷ್ಟರಲ್ಲಿ ಗುರುಮಲ್ಲಮ್ಮ ತಟ್ಟೆ ಎತ್ತಿಟ್ಟಿರುತ್ತಿದ್ದರು.

ಉಪಾಯ ಹೊಳೆದದ್ದೂ ಅಂಥ ಒಂದು ಕನಸಿನಲ್ಲೇ. ಮಂಗಳವಾರ ಮಧ್ಯಾಹ್ನ ಕಚೇರಿಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಕಿಟಕಿಯಾಚೆ ಹೊಂಗೆ ಮರದ ನೆರಳು ಅಲುಗುತ್ತಿತ್ತು. ಮೊಹರು ಒತ್ತುತ್ತ ಒತ್ತುತ್ತ ಗುರುಸ್ವಾಮಿಯವರಿಗೆ ಕಾಗದಗಳ ಸಾಲು ಉತ್ತ ಹೊಲದ ಸಾಲಿನಂತೆ ಕಂಡಿತು. ಸಾಲಿನ ಕೊನೆಯಲ್ಲಿ ಅವರ ತಂದೆ ದೊಡ್ಡಬೀರಯ್ಯ ನೇಗಿಲು ಹಿಡಿದು ನಿಂತಿದ್ದರು. ಮುಂದೆ ಕೆಂದ ಮತ್ತು ಕರಿಯ ಎಂಬ ಎರಡು ಎತ್ತುಗಳು. ಕೆಂದ ಯಾವಾಗಲೂ ನೊಗದ ಎಡಕ್ಕೆ, ಕರಿಯ ಬಲಕ್ಕೆ. ಹತ್ತು ವರ್ಷದ ಗುರುಸ್ವಾಮಿ ಒಮ್ಮೆ ಅದಲುಬದಲು ಕಟ್ಟಿದಾಗ ಎರಡೂ ಎತ್ತುಗಳು ಒಂದು ಹೆಜ್ಜೆ ಕೀಳದೆ ನಿಂತಿದ್ದವು. ದೊಡ್ಡಬೀರಯ್ಯ ಬೈದಿರಲಿಲ್ಲ. "ಎತ್ಗ ಗೊತ್ತದ ಕಣ್ಲಾ, ನಿಂಗ ಗೊತ್ತಿಲ್ಲ" ಎಂದಷ್ಟೇ ಹೇಳಿ, ನೊಗದ ಎಡತುದಿಯಲ್ಲಿ ದಪ್ಪ ಗೂಟ, ಬಲತುದಿಯಲ್ಲಿ ಸಣ್ಣ ಗೂಟ ಹೊಡೆದುಕೊಟ್ಟಿದ್ದರು. ಆಮೇಲೆ ಗುರುಸ್ವಾಮಿ ಕತ್ತಲಲ್ಲಿ ತಡವಿದರೂ ತಪ್ಪುತ್ತಿರಲಿಲ್ಲ.

ಕೆಂದ ಅಂದರೆ ಕೆಂಪು, ಕರಿಯ ಅಂದರೆ ಕಪ್ಪು, ದಪ್ಪ ಗೂಟ, ಸಣ್ಣ ಗೂಟ! ಗುರುಸ್ವಾಮಿಯವರು ಕೂತಲ್ಲೇ ರೋಮಾಂಚನಗೊಂಡು, ಎಡಗೈಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ದಿನಾಂಕ ಸಮೇತ ಒತ್ತಿಕೊಂಡರು.

"ತಿರುವುಮುರುವಾಗಿ ಸೇರ್ಸಕ್ಕೇ ಆಗ್ಬಾರ್ದು ಕಣಮ್ಮಿ," ಎಂದು ಅಂದು ಸಂಜೆ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಶುರುಮಾಡಿದರು. "ಒಂದ್ ದಪ್ಪ ಕಡ್ಡಿ, ಒಂದ್ ಸಣ್ ಕಡ್ಡಿ. ಆ ಕಡೆ ಒಂದ್ ದಪ್ಪ ತೂತು, ಒಂದ್ ಸಣ್ ತೂತು. ಕುರುಡ ಚುಚ್ಚುದ್ರೂ ಸರಿಯಾಗೇ ಓಯ್ತದ. ನೊಗ ಕಟ್ದಂಗ!"

ರಂಜಿನಿ ಬೆಸುಗೆ ಕಡ್ಡಿ ಕೆಳಗಿಟ್ಟು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. "ಅಪ್ಪಾ, ಐಡಿಯಾ ನಿಜವಾಗ್ಲೂ ಚೆನ್ನಾಗದ. ದೊಡ್ಡ ದೊಡ್ಡ ಕಂಪನಿಯೋರೂ ಇಂಗೇ ಮಾಡೋದು. ನಮ್ ಚಾಮ್ರಾಜನಗರದ ಅಂಗ್ಡೀಲಿ ಅಂತ ಪ್ಲಗ್ ಸಿಕ್ಕಲ್ಲ ಅಷ್ಟೆ."

'ನಿಜವಾಗ್ಲೂ' ಎಂಬ ಆ ಒಂದು ಮಾತು ಗುರುಸ್ವಾಮಿಯವರ ಎದೆಯಲ್ಲಿ ದೀಪ ಹಚ್ಚಿತು. ಎರಡು ತಿಂಗಳಿಂದ ಮಗಳು ಅವರನ್ನು ಮೆಚ್ಚಿ ಒಂದು ಮಾತಾಡಿರಲಿಲ್ಲ. ಆಜ್ಞಾಪತ್ರಕ್ಕೆ ಅಂದೇ ತಿದ್ದುಪಡಿಯಾಯಿತು: 'ನೊಗವನ್ನು ಮಾತ್ರ ಮುಟ್ಟಬಹುದು.'

ಮೂರು ಸಂಜೆ ವಿಶ್ವಕರ್ಮನ ಅವತಾರ ನಡೆಯಿತು. ಮರಕ್ಕಾಗಿ ಅಟ್ಟ ಹುಡುಕಿ ಒಂದು ಹಳೆಯ ಮಣೆಯನ್ನು ಇಳಿಸಿ ಕೊಯ್ದರು.

"ಅಯ್ಯಯ್ಯೋ, ಅದು ನಮ್ಮವ್ವ ಉಮ್ಮತ್ತೂರಿಂದ ಮದ್ವೆಗ ಕೊಟ್ಟಿದ್ ಮಣೆ ಕಣ್ರೀ!"

"ಒಂದ್ ಕಾಲು ಮುರ್ದೋಗಿತ್ತು ಕಣಮ್ಮಿ."

"ಕಾಲ್ ಮುರ್ದೋರ್ನೆಲ್ಲಾ ಕೊಯ್ದಾಕ್ಬುಡೋದಾ? ನಿಮ್ಗೂ ಮಂಡಿ ನೋವದ, ಮಡೀಕಳಿ ಗ್ಯಾನದಲ್ಲಿ."

ಗುರುಸ್ವಾಮಿಯವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಮರದ ತುಂಡುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದರು. ಕೆಟ್ಟ ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಿಂದ ದಪ್ಪ ಹಿತ್ತಾಳೆ ಕಡ್ಡಿ, ಸತ್ತ ರೇಡಿಯೋದ ಪ್ಲಗ್ಗಿನಿಂದ ಸಣ್ಣ ಕಡ್ಡಿ ಕಿತ್ತು ಒಂದು ತುಂಡಿಗೆ ನೆಟ್ಟರು. ಅದನ್ನು ಇನ್ನೊಂದು ತುಂಡಿಗೆ ಒತ್ತಿ, ಮೂಡಿದ ಗುರುತಿನಲ್ಲೇ ತೂತು ಕೊರೆದು, ಒಳಗೆ ಹಿತ್ತಾಳೆಯ ತಗಡು ಕೂರಿಸಿದರು. ದಪ್ಪ ಕಡ್ಡಿ ದಪ್ಪ ತೂತಿಗೇ, ಸಣ್ಣದು ಸಣ್ಣದಕ್ಕೇ. ತಿರುಗಿಸಿ ತಳ್ಳಿದರೆ ಹೋಗುತ್ತಲೇ ಇರಲಿಲ್ಲ. ಅದನ್ನು ಅವರು ಎಷ್ಟು ಸಲ ತಿರುಗಿಸಿ ತಳ್ಳಿ ಆನಂದಪಟ್ಟರೋ ಲೆಕ್ಕವಿಲ್ಲ.

ಆಮೇಲೆ ಬೆನ್ನ ಕಡೆಯಿಂದ ತಂತಿ ಕಟ್ಟುವ ಶುಭಕಾರ್ಯ. ಗುರುಸ್ವಾಮಿಯವರು ಮೊದಲ ತುಂಡಿನ ಬೆನ್ನನ್ನು ತಮ್ಮ ಕಡೆ ತಿರುಗಿಸಿಕೊಂಡು, ನೇಗಿಲ ಹಿಂದೆ ನಿಂತ ಗತ್ತಿನಲ್ಲಿ, "ಎಡಕ್ಕ ಕೆಂದ, ಬಲಕ್ಕ ಕರಿಯ" ಎನ್ನುತ್ತ ಎಡಕ್ಕೆ ಕೆಂಪು ತಂತಿ, ಬಲಕ್ಕೆ ಕಪ್ಪು ತಂತಿ ಬಿಗಿದರು. ಎರಡನೆಯ ತುಂಡನ್ನೂ ಹಾಗೆಯೇ ಬೆನ್ನು ತಮ್ಮ ಕಡೆ ಮಾಡಿಕೊಂಡು, "ಎಡಕ್ಕ ಕೆಂದ, ಬಲಕ್ಕ ಕರಿಯ" ಎಂದು ಬಿಗಿದರು. ಮೇಲೆ ತೆಳು ಹಲಗೆಯ ಮುಚ್ಚಳ ಅಂಟಿಸಿ, ಮುಚ್ಚಳದ ಮೇಲೆ ಎರಡು ಪುಟ್ಟ ಎತ್ತಿನ ಮೂತಿ ಕೆತ್ತಿದರು. ಒಂದು ಮೂತಿ ಎತ್ತಿನಂತೆಯೂ ಇನ್ನೊಂದು ಅವರ ಕಚೇರಿಯ ಸೂಪರಿಂಟೆಂಡೆಂಟರಂತೆಯೂ ಬಂದಿತ್ತು.

ಶುಕ್ರವಾರ ಸಂಜೆ ರಂಜಿನಿ ಕರೆಂಟು ಅಳೆಯುವ ಮೀಟರ್ ಹಿಡಿದು ಬಂದಳು. "ಅಪ್ಪಾ, ಒಂದ್ಸಲ ಸರಿಯಾಗದಾ ನೋಡ್ಬುಡ್ಲಾ?"

"ಅಂಟು ಇನ್ನೂ ಹಸಿ ಅದ ಕಣವ್ವ, ಬೆಳಗ್ಗೆ ತಂಕ ಅಲ್ಲಾಡುಸ್ಬಾರ್ದು. ಅದೂ ಅಲ್ದೆ..." ಅವರ ಮುಖ ಸಣ್ಣದಾಯಿತು. "ನೋಡ್ಬೇಕಾ ಮಗ? ಒಂದ್ ಸಲ ನಿಮ್ಮಪ್ಪನ್ನ ನಂಬಕ್ಕಾಗಲ್ವಾ?"

ರಂಜಿನಿ ಮೀಟರನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಮೂರು ಸಂಜೆ ಕೂತು ಮರ ಉಜ್ಜಿ ಅವರ ಬೆರಳ ತುದಿಗಳು ಸುಲಿದಿದ್ದವು. ಅವಳು ಮೀಟರನ್ನು ಚೀಲಕ್ಕೆ ಹಾಕಿ ಮಲಗಲು ಹೋದಳು.

ಶನಿವಾರ ಬೆಳಿಗ್ಗೆ ಏಳೂಕಾಲಿನ ಗುಂಡ್ಲುಪೇಟೆ ಬಸ್ಸಿನಲ್ಲಿ ಮೂವರೂ ಹೊರಟರು. ರಂಜಿನಿಯ ಮಡಿಲಲ್ಲಿ ಗಾಡಿ, ಗುರುಮಲ್ಲಮ್ಮನ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ, ಗುರುಸ್ವಾಮಿಯವರ ಮಡಿಲಲ್ಲಿ ಬ್ಯಾಟರಿ. ಅದಕ್ಕೆ ಕಟ್ಟಿದ ಅರ್ಧ ನೊಗವನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ತೆರಕಣಾಂಬಿ ದಾಟುತ್ತಿದ್ದಂತೆ ಎರಡೂ ಕಡೆ ಸೂರ್ಯಕಾಂತಿ ಹೊಲಗಳು ತೆರೆದುಕೊಂಡವು. ಅವುಗಳ ನಡುನಡುವೆ ಚೆಂಡುಹೂವಿನ ಕಿತ್ತಳೆ ಪಟ್ಟಿಗಳು. ಓಣಂ ಹತ್ತಿರ ಬಂದಿತ್ತು. ಕೇರಳದ ಲಾರಿಗಳು ರಸ್ತೆ ಬದಿಯಲ್ಲಿ ನಿಂತು ಹೂವಿನ ಮೂಟೆ ತುಂಬಿಸಿಕೊಳ್ಳುತ್ತಿದ್ದವು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದು ಇನ್ನೂ ಎದ್ದಿರಲಿಲ್ಲ.

ಗುರುಸ್ವಾಮಿಯವರು ಕಿಟಕಿಗೆ ತಲೆ ಆನಿಸಿದರು. ಸಾವಿರಾರು ಸೂರ್ಯಕಾಂತಿಗಳು ಅವರ ಕಡೆಗೇ ಮುಖ ಮಾಡಿ ಕೂತ ಸಭೆಯಂತೆ ಕಂಡವು. ಮೈಕಿನಲ್ಲಿ ಯಾರೋ ಹೇಳುತ್ತಿದ್ದರು: 'ಮೂರನೆಯ ಬೋರ್ಡನ್ನು ಉಳಿಸಿದ ಚಾಮರಾಜನಗರದ ಶ್ರೀಯುತ ಗುರುಸ್ವಾಮಿಯವರು ವೇದಿಕೆಗೆ ಬರಬೇಕು.' ಸೂರ್ಯಕಾಂತಿಗಳು ಎದ್ದು ನಿಂತವು. ಹೆಗಲಿಗೆ ಶಾಲು, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಗುರುಮಲ್ಲಮ್ಮ ಮುಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. (ಇದು ಕನಸೆನ್ನುವುದಕ್ಕೆ ಈ ಒಂದು ಸಾಕ್ಷಿಯೇ ಸಾಕು.) ಗುರುಸ್ವಾಮಿಯವರು ಮೈಕಿನ ಮುಂದೆ ನಿಂತು ವಿನಯದಿಂದ ಕೈ ಮುಗಿದರು. "ಇದರಲ್ಲಿ ನನ್ನದೇನೂ ಇಲ್ಲ. ಎಲ್ಲಾ ತಮ್ಮ ಅಭಿಮಾನ."

"ಅಭಿಮಾನ ಇರ್ಲಿ ಸಾ," ಎಂದ ಕಂಡಕ್ಟರ್, "ಟಿಕೆಟ್ ತಗಳಿ."

ಕಾಲೇಜಿನ ಸಭಾಂಗಣದ ನಡುವೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಹಾವಿನಂತೆ ಕಪ್ಪು ಗೆರೆ ಎಳೆದಿದ್ದರು. ಚೆಂಡುಹೂ ತುಂಬಿದ ಸಣ್ಣ ಕುಕ್ಕೆಯೊಂದನ್ನು ಗೆರೆಯ ಈ ತುದಿಯಿಂದ ಆ ತುದಿಗೆ ಮುಟ್ಟಿಸಬೇಕು. ಕಾಲಾವಕಾಶ ಐದು ನಿಮಿಷ. ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ರಂಗನಾಯಕ ಮೇಷ್ಟ್ರು. ಮೂಗಿನ ತುದಿಯಲ್ಲಿ ಕನ್ನಡಕ, ಮುಂದೆ ಎಲ್ಲ ತಂಡಗಳ ವರದಿಗಳ ರಾಶಿ. ಪ್ರತಿ ಸ್ಪರ್ಧಿಯೂ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಬಹುದೆಂದು ನಿಯಮವಿತ್ತು. ರಂಜಿನಿಯ ಸಹಾಯಕರು ಯಾರೆಂದು ಹೇಳಬೇಕಾಗಿಲ್ಲ.

"ನಾನೇ ನೊಗ ಕಟ್ಲಾ?" ಎಂದರು ಅವರು, ದೇವರ ಮುಂದೆ ನಿಂತವರ ಧ್ವನಿಯಲ್ಲಿ.

"ಕಟ್ಟಪ್ಪ."

ಗಂಟೆ ಹೊಡೆಯಿತು. ಗುರುಸ್ವಾಮಿಯವರು ಕರ್ಚೀಫು ಬಿಚ್ಚಿ, ಅರ್ಧ ನೊಗವನ್ನು ಕಣ್ಣಿಗೊತ್ತಿಕೊಂಡು, ಗಾಡಿಯ ಬೆನ್ನಿನ ಅರ್ಧಕ್ಕೆ ತಳ್ಳಿದರು. 'ಟಕ್' ಎಂದು ಕೂತಿತು. ಎಂಥ ಸದ್ದು ಅದು! ಮೂರು ಸಂಜೆಯ ತಪಸ್ಸು ಆ ಒಂದು ಟಕ್ಕಿನಲ್ಲಿತ್ತು.

ಗಾಡಿ ಅಲುಗಲಿಲ್ಲ.

ಕೆಂಪು ದೀಪ ಹತ್ತಲಿಲ್ಲ, ಮೋಟಾರು ಗುಂಯ್ ಎನ್ನಲಿಲ್ಲ. ಹೊಗೆಯೂ ಬರಲಿಲ್ಲ, ವಾಸನೆಯೂ ಬರಲಿಲ್ಲ. ಕುಕ್ಕೆಯೊಳಗಿನ ಚೆಂಡುಹೂಗಳು ಸುಮ್ಮನೆ ಕೂತಿದ್ದವು. ಹಿಂದಿನ ಸಾಲಿನಿಂದ ಯಾವನೋ, "ತಳ್ರಲಾ ಗಾಡಿನ, ಸ್ಟಾರ್ಟ್ ಆಯ್ತದೆ" ಎಂದ. ಸಭೆ ನಕ್ಕಿತು.

"ಬೋರ್ಡೇ ಕೆಟ್ಟೋಗಿರ್ಬೇಕು ಕಣಮ್ಮಿ," ಎಂದರು ಗುರುಸ್ವಾಮಿಯವರು ಬೆವರುತ್ತ. "ನೊಗ ತಪ್ಪಾಗಕ್ಕ ಸಾಧ್ಯಾನೇ ಇಲ್ಲ. ತಿರುಗ್ಸಿ ಆಕಕ್ಕೇ ಬರಲ್ಲ ಅದು."

ರಂಜಿನಿಯ ಕಣ್ಣುಗಳು ತುಂಬಿದ್ದವು. ಅದನ್ನು ಕಂಡ ಗುರುಸ್ವಾಮಿಯವರಿಗೆ ಶಾಲು, ಪೇಟ, ಸೂರ್ಯಕಾಂತಿ ಎಲ್ಲ ಒಂದೇ ಸಲಕ್ಕೆ ಮರೆತುಹೋದವು. 'ಅಯ್ಯೋ ದೇವರೇ, ನಾನು ಕೈ ಹಾಕಬಾರದಿತ್ತು' ಎಂದು ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಎರಡು ನಿಮಿಷ ಕಳೆದಿತ್ತು.

ಆಗ ಗೆರೆಯ ಆಚೆ, ಮುಂದಿನ ಸಾಲಿನಲ್ಲಿ ಡಬ್ಬಿ ಹಿಡಿದು ಕೂತಿದ್ದ ಗುರುಮಲ್ಲಮ್ಮ ಎದ್ದು ನಿಂತರು.

"ಏನ್ರೀ, ಕೆಂಪು ತಂತಿ ಯಾವ್ ಕಡೀಕ್ ಇಕ್ಕಿದ್ರಿ?"

"ಎಡಕ್ಕ ಕಣಮ್ಮಿ, ಎಡಕ್ಕ! ಕೆಂದ ಯಾವಾಗ್ಲೂ ಎಡಕ್ಕೇ."

"ಎರಡು ತುಂಡ್ನಲ್ಲೂವಾ?"

"ಎರಡ್ರಲ್ಲೂ! ಎರಡ್ರಲ್ಲೂ ಬೆನ್ನ ಕಡಿಂದ ನೋಡಿ ಎಡಕ್ಕೇ!"

ಗುರುಮಲ್ಲಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನಿಮ್ ಬುದ್ಧಿಗಿಷ್ಟು! ಎತ್ಗೋಳು ಎರಡೂ ಒಂದೇ ಕಡೀಕ್ ನೋಡ್ಕಂಡು ಓಯ್ತವ. ಇವು ಎದ್ರುಬದ್ರು ಮೂತಿಗ್ ಮೂತಿ ಇಕ್ಕಂಡವಲ್ಲ! ಊಟಕ್ ಕೂತಾಗ ನಿಮ್ ಎಡಗೈ ಕಡೆ ಉಪ್ಪು ಇಕ್ಕಬೇಕಾದ್ರ, ಎದ್ರುಗ್ ಬಗ್ಗಿರೋ ನಾನು ನನ್ ಬಲಗೈ ಕಡೆ ಇಕ್ತೀನಿ. ಇಪ್ಪತ್ತೊಂದ್ ವರ್ಷ ಎಲೆ ಮುಂದ ಕೂತ್ರಲ್ಲ, ಇಷ್ಟ್ ಗೊತ್ತಾಗ್ನಿಲ್ವಾ?"

ಗುರುಸ್ವಾಮಿಯವರು ಎರಡು ಕೈಗಳನ್ನೂ ಮುಖದ ಮುಂದೆ ಎದುರುಬದುರು ಹಿಡಿದು, ಎಡ ಬಲ ಲೆಕ್ಕ ಹಾಕುತ್ತ ಹಾಗೆಯೇ ನಿಂತುಬಿಟ್ಟರು. ಲೆಕ್ಕ ಮುಗಿಯುವ ಮೊದಲೇ ಅರ್ಥವಾಯಿತು: ಒಂದು ತುಂಡಿನ ಕೆಂಪು ಇನ್ನೊಂದರ ಕಪ್ಪಿಗೆ ಸೇರಿತ್ತು. ತಿರುವುಮುರುವಾಗಿ ಜೋಡಿಸಲು ಆಗದ ನೊಗವನ್ನು ಅವರು ಮಾಡಿದ್ದು ನಿಜ. ಆದರೆ ಅವರು ಮಾಡಿದ್ದು ಸರಿಯಾಗಿ ಜೋಡಿಸಲು ಆಗದ ನೊಗ. ಕುರುಡ ಚುಚ್ಚಿದರೂ ಅದು ತಪ್ಪಾಗಿಯೇ ಹೋಗುತ್ತಿತ್ತು.

"ದೃಷ್ಟಿ ಮಣಿ!" ಎಂದಳು ರಂಜಿನಿ ಇದ್ದಕ್ಕಿದ್ದಂತೆ. "ಅಪ್ಪಾ, ಹೊಗೆ ಬಂದಿಲ್ಲ. ವಾಸ್ನೇನೂ ಬಂದಿಲ್ಲ. ಮಣಿ ತಡ್ದಿರ್ಬೋದು!" ಆ ಮಣಿಯನ್ನು ಅವಳು ಪರೀಕ್ಷಿಸಿಯೇ ಇರಲಿಲ್ಲ. ಇದ್ದ ಕೊನೆಯ ಬೋರ್ಡಿಗೆ ಬೇಕೆಂದೇ ಬ್ಯಾಟರಿ ತಿರುಗಿಸಿ ಕೊಡುವ ಧೈರ್ಯ ಯಾರಿಗಿರುತ್ತದೆ? ಅವಳು ನೊಗ ಕಿತ್ತು, ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಎರಡು ತಿರುಪು ಸಡಿಲಿಸಿ, ಕೆಂಪು ಇದ್ದಲ್ಲಿಗೆ ಕಪ್ಪು, ಕಪ್ಪು ಇದ್ದಲ್ಲಿಗೆ ಕೆಂಪು ಬಿಗಿದಳು. ಒಂದು ತಿರುಪು ಜಾರಿ ಕೆಳಗೆ ಬಿತ್ತು. ಗುರುಸ್ವಾಮಿಯವರು ಎತ್ತಿಕೊಡಲು ಬಗ್ಗಿದರು, ಮುಟ್ಟಬಹುದೋ ಇಲ್ಲವೋ ತಿಳಿಯದೆ ಹಾಗೆಯೇ ಬಗ್ಗಿ ನಿಂತರು.

"ಕೊಡಪ್ಪ," ಎಂದಳು ರಂಜಿನಿ. ಅವರು ಕೊಟ್ಟರು.

ಮತ್ತೆ 'ಟಕ್' ಎಂದಿತು. ಗಾಡಿಯ ನೆತ್ತಿಯ ಮೇಲೆ ಕೆಂಪು ದೀಪ ಹತ್ತಿತು. ಮೋಟಾರು ಗುಂಯ್ ಎಂದಿತು. ಹೂವಿನ ಕುಕ್ಕೆ ಹೊತ್ತ ಗಾಡಿ, ಮೊದಲ ಸಲ ನೊಗಕ್ಕೆ ಕಟ್ಟಿದ ಕರುವಿನಂತೆ ಒಮ್ಮೆ ಅತ್ತ ಒಮ್ಮೆ ಇತ್ತ ಮೂತಿ ಆಡಿಸಿ, ಗೆರೆ ಸಿಕ್ಕ ಮೇಲೆ ಮೆಲ್ಲಗೆ ನಡೆಯಿತು. ಗುರುಸ್ವಾಮಿಯವರಿಗೆ ಸಭೆಯ ಗದ್ದಲ ಕೇಳಿಸಲಿಲ್ಲ. ಅವರ ಕಣ್ಣಿಗೆ ಬಿಳಿ ಹಾಳೆ ಹರವೆಯ ಬೆಳಗಿನ ಹೊಲವಾಗಿತ್ತು, ಕಪ್ಪು ಗೆರೆ ಹೊಸದಾಗಿ ಉತ್ತ ಸಾಲಾಗಿತ್ತು. ಗಾಡಿ ಒಂದೊಂದು ತಿರುವು ದಾಟಿದಾಗಲೂ ಅವರು ನಾಲಗೆಯಿಂದ ಎತ್ತಿಗೆ ಮಾಡುವ ಸದ್ದನ್ನೇ ಮಾಡಿದರು. ಇನ್ನು ಹದಿನಾಲ್ಕು ಸೆಕೆಂಡು ಇದೆ ಎನ್ನುವಾಗ ಹೂವು ಆಚೆ ದಡ ಸೇರಿತು.

ರಂಜಿನಿಗೆ ಎರಡನೆಯ ಸ್ಥಾನ ಬಂತು. ಮೈಸೂರಿನ ದಾರಿ ತೆರೆಯಿತು. ಅಷ್ಟಕ್ಕೇ ನಿಂತಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಬಹುಮಾನ ಕೊಟ್ಟ ಮೇಲೆ 'ಒಂದು ನಿಮಿಷ' ಎಂದು ರಂಗನಾಯಕ ಮೇಷ್ಟ್ರು ಮೈಕು ಹಿಡಿದರು. "ಬೋರ್ಡು ಸುಟ್ಟುಕೊಂಡು ಇವತ್ತು ಇಲ್ಲಿಗೆ ಬರೋಕೇ ಆಗದ ತಂಡಗಳು ನಾಲ್ಕಿವೆ. ಎಲ್ಲರದೂ ಒಂದೇ ತಪ್ಪು. ಆ ತಪ್ಪು ಆದರೂ ಉಳಿದದ್ದು ಈ ಹುಡುಗಿಯ ಗಾಡಿ ಒಂದೇ. ಈಕೆಯ ವರದಿಯ ಒಂಬತ್ತನೇ ಪುಟವನ್ನ ಎಲ್ಲರೂ ಕೇಳಬೇಕು. ನಾನು ಕನ್ನಡದಲ್ಲೇ ಹೇಳ್ತೀನಿ." ಅವರು ಕನ್ನಡಕ ಸರಿಪಡಿಸಿಕೊಂಡರು. "ಇಲ್ಲಿ ಒಂದು ಹೆಸರನ್ನ ನಾನು ವಿಶೇಷವಾಗಿ ಹೇಳಲೇಬೇಕು. ಗುರುಸ್ವಾಮಿ!"

ಗುರುಸ್ವಾಮಿಯವರ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಕಂಡ ಕನಸು, ಅದೇ ಮೈಕು, ಅದೇ ಹೆಸರು! ಅವರು ಅಂಗಿಯ ಕಾಲರು ಸರಿಪಡಿಸಿಕೊಂಡು, ಎದ್ದು ನಿಂತು, ಎರಡು ಕೈ ಜೋಡಿಸಿದರು.

"'ಗುರುಸ್ವಾಮಿ ದೋಷ,'" ಎಂದು ಮೇಷ್ಟ್ರು ಓದಿದರು. "'ಬ್ಯಾಟರಿಯನ್ನು ಅತ್ಯಂತ ಆತ್ಮವಿಶ್ವಾಸದಿಂದ ತಿರುವುಮುರುವಾಗಿ ಜೋಡಿಸುವುದಕ್ಕೆ ಈ ಹೆಸರಿಡಲಾಗಿದೆ. ಇದುವರೆಗೆ ಎರಡು ಬಾರಿ ಕಂಡುಬಂದಿದೆ. ಮೂರನೆಯ ಬಾರಿ ಖಂಡಿತ ಬರುತ್ತದೆ. ಬಣ್ಣದ ತಂತಿ, ಬರೆದ ಸೂಚನೆ, ಮೇಜಿಗೆ ಅಂಟಿಸಿದ ಚೀಟಿ, ಇವು ಯಾವುವೂ ಇದನ್ನು ತಡೆಯಲಾರವು. ಆದ್ದರಿಂದ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ತಿರುಗಿ ಬಂದರೆ ಬಾಗಿಲು ಹಾಕಿಕೊಳ್ಳುವ ಕರಿಮಣಿಯಂಥ ಒಂದು ಡಯೋಡನ್ನು ಬೋರ್ಡಿನ ಮುಂದೆ ಕಾವಲಿಡಲಾಗಿದೆ.' ಇವತ್ತು ಆ ಡಯೋಡು ನಮ್ಮೆಲ್ಲರ ಕಣ್ಣೆದುರೇ ಪರೀಕ್ಷೆ ಪಾಸಾಯಿತು. ಅಂದ ಹಾಗೆ ಮಗು, ಈ ಗುರುಸ್ವಾಮಿ ಅನ್ನೋರು ಯಾವ ಊರಿನ ವಿಜ್ಞಾನಿ? ನಾನು ಎಲ್ಲೂ ಓದಿಲ್ಲವಲ್ಲ?"

ರಂಜಿನಿ ನಾಚಿಕೊಂಡು ಬೆರಳು ತೋರಿಸಿದಳು. ಇಡೀ ಸಭಾಂಗಣ ತಿರುಗಿ ನೋಡಿತು. ಕೈ ಮುಗಿದುಕೊಂಡು ನಿಂತಿದ್ದ ಒಬ್ಬರೇ ಒಬ್ಬರು ಕಂಡರು. ಆಮೇಲೆ ಬಿದ್ದ ಚಪ್ಪಾಳೆಯ ಸದ್ದಿಗೆ ಹೊರಗೆ ಚೆಂಡುಹೂ ತುಂಬುತ್ತಿದ್ದ ಮಲಯಾಳಿ ಡ್ರೈವರು ಕೂಡ ಕಿಟಕಿಯಲ್ಲಿ ಇಣುಕಿದನಂತೆ. ಗುರುಮಲ್ಲಮ್ಮ ನಿಜವಾಗಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನಕ್ಕು ನಕ್ಕು ಬಂದ ನೀರು.

ಹಿಂತಿರುಗುವ ಬಸ್ಸಿನಲ್ಲಿ ಸೂರ್ಯಕಾಂತಿಗಳು ಬೆನ್ನು ಮಾಡಿ ನಿಂತಿದ್ದವು.

"ಬೇಜಾರಾಯ್ತಾಪ್ಪ?" ಎಂದಳು ರಂಜಿನಿ.

"ಹೆಸ್ರ ಸರಿಯಾಗೇ ಏಳುದ್ರು ಬುಡು," ಎಂದರು ಅವರು. ಆಮೇಲೆ ಮಗಳ ಕಡೆ ತಿರುಗಿ ಕೇಳಿದರು: "ಹೌದು ಮಗ, ನಿನ್ನೆ ಮೀಟರ್ ಇಕ್ಕಿ ನೋಡ್ದೇನೇ ವಾಪಸ್ ಓದ್ಯಲ್ಲ, ನನ್ ಮ್ಯಾಲೆ ಅಷ್ಟು ನಂಬ್ಕೆ ಇತ್ತಾ ನಿಂಗ?"

"ಪೂರ್ತಿ ಇತ್ತಪ್ಪ. ಎರಡ್ ಸಲ ತಪ್ಪಾಕಿದ್ದೋರು ಮೂರ್ನೇ ಸಲಾನೂ ತಪ್ಪಾಕೇ ಆಕ್ತಾರೆ ಅಂತ ನಂಬ್ಕಂಡೇ ಮಣಿ ಆಕಿದ್ದೆ." ಅವಳು ಅಪ್ಪನ ಸುಲಿದ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಆದ್ರೆ ನೊಗ ಮೈಸೂರಿಗೂ ಇದೇ ಬೇಕು ನಂಗ. ತಂತಿ ಮಾತ್ರ ನಾನ್ ಕಟ್ಕತೀನಿ."

ಗುರುಸ್ವಾಮಿಯವರು ಕಿಟಕಿಯ ಕಡೆ ತಿರುಗಿದರು. ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮಂಜು ಅವರ ಕಣ್ಣಿಗೂ ಇಳಿದಿತ್ತು.

ಮರುವಾರ ಟಪಾಲಿನಲ್ಲಿ ಅವರ ಹೆಸರಿಗೇ ಒಂದು ಕಾಗದ ಬಂತು. ಮಗಳ ಕಾಲೇಜಿನ ಲ್ಯಾಬಿನಲ್ಲಿ ಇನ್ನು ಮುಂದೆ ಪ್ರತಿ ಬೋರ್ಡಿಗೂ 'ಗುರುಸ್ವಾಮಿ ಪರೀಕ್ಷೆ' ಕಡ್ಡಾಯ. ಮೊದಲ ದಿನ ತಾವೇ ಬಂದು, ಯಾರ ಸಲಹೆಯನ್ನೂ ಕೇಳದೆ, ತಮಗೆ ತೋಚಿದಂತೆ ಬ್ಯಾಟರಿ ಜೋಡಿಸಿಕೊಡಬೇಕೆಂದು ವಿನಂತಿ. ಗುರುಸ್ವಾಮಿಯವರು ಅದಕ್ಕೆ ಎರಡು ಸಲ ಮೊಹರು ಒತ್ತಿದರು.

ಅಂದು ಮನೆಯಲ್ಲಿ ಮಗಳ ಗೆಲುವಿನ ಲೆಕ್ಕದಲ್ಲಿ ಬಾಳೆಎಲೆ ಊಟ. ಗುರುಸ್ವಾಮಿಯವರು ಎಲೆಯ ಮುಂದೆ ಕೂತು, ಲ್ಯಾಬಿನ ಬಾಗಿಲಲ್ಲಿ ಸಾಲಾಗಿ ನಿಂತು ಸ್ವಾಗತಿಸುವ ಹುಡುಗರನ್ನು ಕಣ್ಣಲ್ಲಿ ಕಾಣುತ್ತ, ಎಲೆಯ ಎಡತುದಿಗೆ ಬೆರಳು ಹಾಕಿ, ಸಿಕ್ಕಿದ್ದನ್ನು ಸಾರನ್ನಕ್ಕೆ ಕಲಸಿ ಬಾಯಿಗಿಟ್ಟರು. ಬಾಯಿ ಅಲ್ಲೇ ನಿಂತಿತು.

"ಏನಮ್ಮಿ ಇದು, ಸಕ್ರೆ?"

"ಹೌದು."

"ಉಪ್ಪೆಲ್ಲದ?"

"ಎಡಕ್ಕೇ ಅದ," ಎಂದರು ಗುರುಮಲ್ಲಮ್ಮ, ಎದುರಿಗೆ ಬಗ್ಗಿ ಪಲ್ಯ ಬಡಿಸುತ್ತ. "ಕೆಂದ ಯಾವಾಗ್ಲೂ ಎಡಕ್ಕೇ ಅಂದ್ರಲ್ಲ, ಅದ್ಕೇ ನನ್ ಎಡಕ್ಕ ಇಕ್ಕಿವ್ನಿ."

ರಂಜಿನಿ ನೀರು ಕುಡಿಯುತ್ತಿದ್ದವಳು ನೆತ್ತಿಗೆ ಹತ್ತಿಸಿಕೊಂಡಳು. ಗುರುಸ್ವಾಮಿಯವರು ಎಲೆಯ ಬಲತುದಿಗೆ ಕೈ ಚಾಚಿ ಉಪ್ಪು ತೆಗೆದುಕೊಂಡರು.